ಅಡುಗೆಮನೆ ಕ್ಯಾಬಿನೆಟ್ ಅಡಿಗೆ ಎಲ್‌ಇಡಿ ಲೈಟ್: ಲೈನ್ ಎಲ್ಲಿಂದ ತೆಗೆಯುವುದು?

ಬಿಜೈ ಮಹಡಿಮನೆ

ನಮಸ್ಕಾರ. ನಮ್ಮದು ಮಂಗಳೂರಿನ ಬಿಜೈಯಲ್ಲಿ ಸ್ವಲ್ಪ ಹಳೆಯ ಫ್ಲ್ಯಾಟ್. ಅಡುಗೆಮನೆಯ ಟ್ಯೂಬ್‌ಲೈಟ್ ಇರುವುದು ಬೆನ್ನ ಹಿಂದಿನ ಗೋಡೆಯಲ್ಲಿ. ತರಕಾರಿ ಹೆಚ್ಚಲು ನಿಂತರೆ ನಮ್ಮ ನೆರಳು ಸರಿಯಾಗಿ ಚಾಕುವಿನ ಮೇಲೆಯೇ ಬೀಳುತ್ತದೆ. ಮಳೆಗಾಲದಲ್ಲಿ ಹಗಲಲ್ಲೂ ಕತ್ತಲೆ. ಹಾಗಾಗಿ ಮೇಲಿನ ಕ್ಯಾಬಿನೆಟ್‌ಗಳ ಅಡಿಗೆ ಎಲ್‌ಇಡಿ ಸ್ಟ್ರಿಪ್ ಹಾಕಿಸುವ ಆಲೋಚನೆ.

ಕೌಂಟರ್ ಎಲ್ ಆಕಾರದ್ದು. ಮಿಕ್ಸಿ, ಗ್ರೈಂಡರ್ ಇಡುವ ಬದಿಯಲ್ಲಿ 2 ಮೀಟರ್ ಕ್ಯಾಬಿನೆಟ್ ಉಂಟು. ಸಿಂಕ್ ಇರುವ ಬದಿಯಲ್ಲಿ 1 ಮೀಟರ್. ಒಲೆಯ ಮೇಲೆ ಚಿಮಣಿ ಇದೆ, ಅಲ್ಲಿ ಲೈಟ್ ಬೇಡ. ಕ್ಯಾಬಿನೆಟ್ ಮಾಡಿಕೊಟ್ಟವರು "ಡ್ರೈವರ್ ಗೀವರ್ ಏನೂ ಬೇಡ, ಮಿಕ್ಸಿ ಪ್ಲಗ್‌ನಿಂದ ಲೈನ್ ತೆಗೆದು ರೋಪ್ ಲೈಟ್ ಅಂಟಿಸಿ ಕೊಡುತ್ತೇವೆ" ಅನ್ನುತ್ತಾರೆ. ಖರ್ಚೂ ಕಡಿಮೆ. ಆದರೆ ಸಿಂಕ್ ಪಕ್ಕದಲ್ಲಿ ಇದೆಲ್ಲ ಸರಿಯಾ? ಗೊತ್ತಿರುವವರು ಹೇಳಿ.

ಕಟಪಾಡಿ ವಯರ್‌ಮ್ಯಾನ್

ಬೇಡ. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ.

ಮೀಟರ್ ಲೆಕ್ಕದಲ್ಲಿ ಸಿಗುವ ಆ ರೋಪ್ ಲೈಟ್ ನೇರ 230 ವೋಲ್ಟ್‌ನದ್ದು. ಪ್ಲಗ್ ಹತ್ತಿರ ಒಂದು ಉಬ್ಬು ಇರುತ್ತದಲ್ಲ, ಅದನ್ನು ಜನ ಡ್ರೈವರ್, ಅಂದರೆ 230 ವೋಲ್ಟನ್ನು ಇಳಿಸಿ ಕೊಡುವ ಪೆಟ್ಟಿಗೆ, ಅಂದುಕೊಳ್ಳುತ್ತಾರೆ. ಅದರೊಳಗೆ ಇರುವುದು ಬರೀ ರೆಕ್ಟಿಫೈಯರ್. ಎಸಿ ಹೋಗಿ ಡಿಸಿ ಆಗುತ್ತದೆ, ವೋಲ್ಟೇಜ್ ಇಳಿಯುವುದಿಲ್ಲ. ಅಂದರೆ ಸ್ಟ್ರಿಪ್‌ನ ಉದ್ದಕ್ಕೂ ಮನೆಯ ಪೂರ್ತಿ ವೋಲ್ಟೇಜ್ ಓಡುತ್ತಿರುತ್ತದೆ. ಬೇಕಾದ ಉದ್ದಕ್ಕೆ ಕತ್ತರಿಸಿದ ತುದಿಯಲ್ಲಿ ಎರಡು ತಾಮ್ರದ ಎಳೆ ಹೊರಗೆ ಕಾಣುತ್ತದೆ. ಅದಕ್ಕೊಂದು ಪ್ಲಾಸ್ಟಿಕ್ ಕ್ಯಾಪ್ ಹಾಕಿ ಕೊಡುತ್ತಾರೆ. ಎಣ್ಣೆ ಹಬೆಗೆ ಅದು ಜಾರಿ ಬಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ಯಾರೋ ಕ್ಯಾಬಿನೆಟ್ ಅಡಿ ಒರೆಸಲು ಹೋಗುತ್ತಾರೆ. ಕಾಲಿಗೆ ಚಪ್ಪಲಿ ಇರುವುದಿಲ್ಲ. ಮುಂದಿನದ್ದು ಹೇಳಬೇಕಾ?

ಮಂಗಳೂರು ದಸರಾಕ್ಕೆ, ಉಡುಪಿ ಪರ್ಯಾಯಕ್ಕೆ ಬೀದಿಯಲ್ಲಿ ಎತ್ತರಕ್ಕೆ ಕಟ್ಟಿ, ಮುಗಿದ ಮೇಲೆ ಬಿಚ್ಚುವ ಕೆಲಸಕ್ಕೆ ಅದು ಇರಲಿ. ಸಿಂಕ್ ಹತ್ತಿರ ಕೈಗೆ ಸಿಗುವ ಜಾಗಕ್ಕೆ 12 ಅಥವಾ 24 ವೋಲ್ಟ್ ಡಿಸಿ ಸ್ಟ್ರಿಪ್ ಮಾತ್ರ. 230 ವೋಲ್ಟ್ ಡ್ರೈವರ್‌ನ ತನಕ ಬಂದು ಅಲ್ಲೇ ನಿಲ್ಲಬೇಕು. ಡ್ರೈವರ್ ಕ್ಯಾಬಿನೆಟ್‌ನ ಮೇಲೆ, ಒಣ ಜಾಗದಲ್ಲಿ ಕೂರಬೇಕು.

ಎರಡು ವಿಷಯ ನೋಡಿ ಹೇಳಿ. ನಿಮ್ಮ ಡಿಬಿಯಲ್ಲಿ (ಮನೆಯ ಎಲ್ಲ ಲೈನ್ ಹಂಚುವ ಮೇನ್ ಪೆಟ್ಟಿಗೆ) ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇದೆಯಾ? ಚಿಮಣಿಯ ಪ್ಲಗ್ ಎಲ್ಲಿದೆ?

ಕುಲಶೇಖರ ಕಟ್ಟೆ

ಸುಮ್ನೆ ಹೆದರಿಸುತ್ತೀರಿ ಮಾರಾಯ್ರೆ. ನಮ್ಮ ಮನೆಯಲ್ಲಿ ದೇವರ ಕೋಣೆಗೆ ಅದೇ ರೋಪ್ ಲೈಟ್. ವರ್ಷಗಟ್ಟಲೆ ಆಯಿತು. ಯಾರಿಗೂ ಏನೂ ಆಗಿಲ್ಲ.

ಕಟಪಾಡಿ ವಯರ್‌ಮ್ಯಾನ್

ದೇವರ ಕೋಣೆಯಲ್ಲಿ ನಲ್ಲಿ ಇಲ್ಲ ಅಲ್ವಾ. ಆದರೂ ಅದು ಸೀಲಿಂಗ್ ಗುಂಡಿಯೊಳಗೆ ಕೈಗೆ ಸಿಗದ ಹಾಗೆ ಇದ್ದರೆ ಒಂದು ಮಾತು. ಮಂಟಪದ ಅಂಚಿಗೆ ಸುತ್ತಿದ್ದರೆ ಕತ್ತರಿಸಿದ ತುದಿ ಒಮ್ಮೆ ನೋಡಿ. ಪ್ಲಗ್ ತೆಗೆದು ನೋಡಿ, ಸ್ವಿಚ್ ಆಫ್ ಮಾಡಿ ಅಲ್ಲ.

ಸುರತ್ಕಲ್ ಸೋಲ್ಡರ್

ಡ್ರೈವರ್ ಲೆಕ್ಕ ನಾನು ಹೇಳುತ್ತೇನೆ. ಬಿಜೈಯವರದ್ದು ಒಟ್ಟು 3 ಮೀಟರ್. ಅಡುಗೆ ಕೌಂಟರ್‌ಗೆ ಮೀಟರ್‌ಗೆ 9.6 ವಾಟ್‌ನ ಸ್ಟ್ರಿಪ್ ಧಾರಾಳ. 14.4 ವಾಟ್‌ನದ್ದೂ ಸಿಗುತ್ತದೆ, ಕಣ್ಣಿಗೆ ಹೊಡೆಯುತ್ತದೆ, ಬಿಸಿಯೂ ಜಾಸ್ತಿ. 3 ಮೀಟರ್‌ಗೆ 28.8 ವಾಟ್ ಆಯಿತು. ಡ್ರೈವರನ್ನು ಅದರ ತಾಕತ್ತಿನ ಶೇ. 80ಕ್ಕಿಂತ ಮೇಲೆ ಓಡಿಸಬೇಡಿ. 28.8 ಅನ್ನು 0.8ರಿಂದ ಭಾಗಿಸಿದರೆ 36 ವಾಟ್. ಅಂಗಡಿಯಲ್ಲಿ 36 ಇದ್ದರೆ ಸಾಕು, 60 ಇದ್ದರೆ ಇನ್ನೂ ಆರಾಮ. ದೊಡ್ಡ ಡ್ರೈವರ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ ಅನ್ನುವುದು ತಪ್ಪು ಕಲ್ಪನೆ. ಸ್ಟ್ರಿಪ್ ಎಳೆಯುವಷ್ಟೇ ಎಳೆಯುತ್ತದೆ.

12ಕ್ಕಿಂತ 24 ವೋಲ್ಟ್ ತೆಗೆದುಕೊಳ್ಳಿ. ಅದೇ 28.8 ವಾಟ್‌ಗೆ 12 ವೋಲ್ಟ್‌ನಲ್ಲಿ 2.4 ಆಂಪ್ಸ್ ಹರಿಯುತ್ತದೆ, 24ರಲ್ಲಿ 1.2 ಆಂಪ್ಸ್ ಮಾತ್ರ. ಡ್ರೈವರ್‌ನಿಂದ ಸ್ಟ್ರಿಪ್‌ಗೆ 4 ಮೀಟರ್ ದೂರ, 0.75 ಚದರ ಮಿ.ಮೀ. ವೈರ್ ಅಂತ ಇಟ್ಟುಕೊಳ್ಳಿ. ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು 0.2 ಓಮ್ ಆಗುತ್ತದೆ. 12 ವೋಲ್ಟ್‌ನಲ್ಲಿ ದಾರಿಯಲ್ಲೇ ಅರ್ಧ ವೋಲ್ಟ್ ಹೋಯಿತು, ಶೇ. 4. 24 ವೋಲ್ಟ್‌ನಲ್ಲಿ ಕಾಲು ವೋಲ್ಟ್, ಶೇ. 1. ಕೊನೆಯ ಎಲ್‌ಇಡಿಗಳು ಮಂಕಾಗುವುದು ಇದರಿಂದಲೇ. ಸ್ಟ್ರಿಪ್ ಜೊತೆಗೆ ಕೊಡುವ ಕೂದಲಿನಂಥ ಕೆಂಪು ಕಪ್ಪು ವೈರನ್ನೇ ಉದ್ದಕ್ಕೆ ಎಳೆದರೆ ಇನ್ನೂ ಕಷ್ಟ.

ಇನ್ನೊಂದು. ಡಿಸಿ ಬದಿಯಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಎಸಿ ಬದಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಎರಡೂ ಒಂದೇ ಪೈಪಿನಲ್ಲಿ, ಒಂದೇ ಬಣ್ಣದಲ್ಲಿ ಬಂದರೆ ಮುಂದೊಂದು ದಿನ ರಿಪೇರಿಗೆ ಬಂದವನು ಸ್ಟ್ರಿಪ್‌ಗೆ 230 ಕೊಡುತ್ತಾನೆ. ಹಾಗಾಗಿ ಡಿಸಿಗೆ ಬೇರೆ ದಾರಿ, ಬೇರೆ ಬಣ್ಣ. ಬಿಳಿ ಮತ್ತು ಬೂದು ಬಳಸಿ, ತುದಿಗೆ 24 ವೋಲ್ಟ್ ಅಂತ ಚೀಟಿ ಅಂಟಿಸಿ.

ಡ್ರೈವರ್ ಕೊಳ್ಳುವಾಗ ಮೇಲೆ ಬಿಐಎಸ್ ಗುರುತು, ಐಎಸ್ 15885 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಎಸ್‌ಇಎಲ್‌ವಿ ಎಂದು ಬರೆದಿರಬೇಕು. ಒಳಗೆ ಬರುವ 230ಕ್ಕೂ ಹೊರಗೆ ಹೋಗುವ 24ಕ್ಕೂ ನಡುವೆ ಗಟ್ಟಿ ಅಡ್ಡಗೋಡೆ ಇದೆ ಎಂಬುದಕ್ಕೆ ಅದೇ ಗುರುತು. ಹೆಸರಿಲ್ಲದ ಜಾಲರಿ ಡಬ್ಬದ ಡ್ರೈವರ್‌ಗಳಲ್ಲಿ ಸ್ಕ್ರೂ ಟರ್ಮಿನಲ್ ಹೊರಗೇ ತೆರೆದಿರುತ್ತದೆ. ಅದನ್ನು ಅಡುಗೆಮನೆಯಲ್ಲಿ ಹಾಗೇ ಇಡುವಂತಿಲ್ಲ. ಜಿರಲೆ ಒಳಗೆ ಹೋಗಿ ಸಾಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮಲ್ಪೆ ಉಪ್ಪುಗಾಳಿ

ನಮ್ಮ ಕಡೆಯ ಹವೆಯ ಬಗ್ಗೆ ಯಾರೂ ಹೇಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ನೋಡುವ ವಿಡಿಯೋಗಳೆಲ್ಲ ಒಣ ಊರಿನವು. ಇಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬವೇ ಒಳಗೊಳಗೆ ನೀರಾಗುತ್ತದೆ, ಇನ್ನು ವೈರ್ ಜಾಯಿಂಟ್ ಕೇಳಬೇಕಾ. ಸಮುದ್ರದ ಹತ್ತಿರದ ಮನೆಗಳಲ್ಲಿ ಸ್ವಿಚ್‌ಬೋರ್ಡ್ ಬಿಚ್ಚಿದರೆ ತಾಮ್ರಕ್ಕೆ ಹಸಿರು ಹಿಡಿದಿರುತ್ತದೆ. ಜಾಯಿಂಟ್‌ನಲ್ಲಿ ಹಸಿರು ಬಂದರೆ ಅಲ್ಲಿ ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ.

ವೈರ್ ತಿರುಚಿ ಟೇಪ್ ಸುತ್ತುವುದು ಇಲ್ಲಿ ನಡೆಯುವುದಿಲ್ಲ. ಟೇಪಿನ ಅಂಟು ಬಿಸಿಗೆ, ತೇವಕ್ಕೆ ಮೆತ್ತಗಾಗಿ ಒಂದೆರಡು ಮಳೆಗಾಲದಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ. 230 ಬದಿಯಲ್ಲಿ ಲಿವರ್ ಕನೆಕ್ಟರ್ ಅಥವಾ ಗಟ್ಟಿ ಸ್ಕ್ರೂ ಟರ್ಮಿನಲ್ ಹಾಕಿ, ಅದನ್ನು ಮುಚ್ಚಳ ಇರುವ ಡಬ್ಬದೊಳಗೆ ಇಡಿ. ಸ್ಟ್ರಿಪ್ ಬದಿಯಲ್ಲಿ ಕ್ಲಿಪ್ ಕನೆಕ್ಟರ್ ಬೇಡ, ಅದು ಬರೀ ಒತ್ತಿ ಹಿಡಿಯುವುದು. ಸೋಲ್ಡರ್ ಮಾಡಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ.

ಸಿಂಕ್ ಬದಿಗೆ ಸಿಲಿಕಾನ್ ಪದರ ಇರುವ, ನೀರು ಸಿಡಿದರೂ ತಡೆಯುವ ಐಪಿ65 ಸ್ಟ್ರಿಪ್ ಇರಲಿ. ಇನ್ನೊಂದು ಬದಿಗೆ ಸಾದಾ ಸ್ಟ್ರಿಪ್ ಸಾಕು, ಆದರೆ ಅಲ್ಯುಮಿನಿಯಂ ಪ್ರೊಫೈಲ್ ಒಳಗೆ ಹಾಲುಬಿಳಿ ಮುಚ್ಚಳದೊಂದಿಗೆ. ಪ್ರೊಫೈಲ್ ಇಲ್ಲದೆ ಪ್ಲೈವುಡ್‌ಗೆ ಅಂಟಿಸಿದರೆ ಬಿಸಿ ಹೋಗಲು ಜಾಗ ಇಲ್ಲ, ಎಲ್‌ಇಡಿಗಳು ಬೇಗ ಮಂಕಾಗುತ್ತವೆ. ಅಂಟೂ ನಿಲ್ಲುವುದಿಲ್ಲ. ಒಗ್ಗರಣೆ ಹೊಗೆ ಕೂತ ಲ್ಯಾಮಿನೇಟ್ ಮೇಲೆ ಯಾವ ಡಬಲ್ ಟೇಪೂ ಹಿಡಿಯುವುದಿಲ್ಲ. ಪ್ರೊಫೈಲನ್ನು ಕ್ಲಿಪ್ ಹಾಕಿ ಸ್ಕ್ರೂ ಮಾಡಿಸಿ. ತಳದ ಪ್ಲೈ 18 ಮಿ.ಮೀ. ಇದ್ದರೆ 12 ಮಿ.ಮೀ. ಸ್ಕ್ರೂ. ಉದ್ದದ್ದು ಹಾಕಿದರೆ ಒಳಗಿನ ಸಕ್ಕರೆ ಡಬ್ಬಕ್ಕೆ ತಾಗುತ್ತದೆ.

ಬಿಜೈ ಮಹಡಿಮನೆ

ತುಂಬಾ ಥ್ಯಾಂಕ್ಸ್. ಡಿಬಿ ನೋಡಿದೆ. ಆರ್‌ಸಿಸಿಬಿ ಒಂದಿದೆ, ಅದರ ಮೇಲೆ 40 ಎ, 30 ಎಂಎ ಎಂದು ಬರೆದಿದೆ. ಅದರ ಬಲಕ್ಕೆ ಕೆಲವು ಎಂಸಿಬಿ (ಲೋಡ್ ಮೀರಿದರೆ ಬೀಳುವ ಸ್ವಿಚ್), ಎಡಕ್ಕೆ ಕೆಲವು. ಯಾವುದು ಯಾವುದಕ್ಕೆ ಎಂದು ಬರೆದಿಲ್ಲ. ಚಿಮಣಿಯ ಮೂರು ಪಿನ್ ಪ್ಲಗ್ ಕ್ಯಾಬಿನೆಟ್ ಮೇಲೆಯೇ ಇದೆ. ಅದಕ್ಕೆ ಅರ್ತ್ ಉಂಟಾ ಇಲ್ವಾ ನೋಡುವುದು ಹೇಗೆ? ಟೆಸ್ಟರ್ ಇಟ್ಟರೆ ಮೇಲಿನ ದೊಡ್ಡ ಪಿನ್‌ನಲ್ಲಿ ಲೈಟ್ ಬರಲಿಲ್ಲ, ಅಂದರೆ ಸರಿ ಅಲ್ವಾ?

ಕಟಪಾಡಿ ವಯರ್‌ಮ್ಯಾನ್

ಅಲ್ಲ. ಅರ್ತ್ ಪಿನ್‌ನಲ್ಲಿ ಟೆಸ್ಟರ್ ಉರಿಯದಿದ್ದರೆ ಅಲ್ಲಿ ಫೇಸ್ ಇಲ್ಲ ಅಂತ ಮಾತ್ರ ಗೊತ್ತಾಯಿತು. ಅರ್ತ್ ಉಂಟು ಅಂತ ಗೊತ್ತಾಗಲಿಲ್ಲ. ಪಿನ್‌ನ ಹಿಂದೆ ವೈರೇ ಇಲ್ಲದಿದ್ದರೂ ಟೆಸ್ಟರ್ ಉರಿಯುವುದಿಲ್ಲ.

ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಫೇಸ್‌ನಿಂದ ಅರ್ತ್‌ಗೆ ಇಟ್ಟರೆ 230 ಹತ್ತಿರ ತೋರಿಸಬೇಕು. ನ್ಯೂಟ್ರಲ್‌ನಿಂದ ಅರ್ತ್‌ಗೆ ಒಂದೆರಡು ವೋಲ್ಟ್. ಸರಿಯಾಗಿ ಸೊನ್ನೆಯೇ ಬಂದರೆ ನಾನು ಬೋರ್ಡ್ ಬಿಚ್ಚಿ ನೋಡುತ್ತೇನೆ. ಕೆಲವು ಕಡೆ ಅರ್ತ್ ವೈರ್ ಇಲ್ಲವೆಂದು ಪ್ಲಗ್‌ನ ಒಳಗೇ ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ತುಂಡು ವೈರ್ ಹಾಕಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ತುಂಡಾದ ಕ್ಷಣ ಫ್ರಿಜ್‌ನ ಬಾಡಿಯಿಂದ ಹಿಡಿದು ಚಿಮಣಿಯ ತನಕ ಎಲ್ಲಕ್ಕೂ ಫೇಸ್ ಬರುತ್ತದೆ. ಅದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಇನ್ನು, ಮೀಟರ್‌ನಲ್ಲಿ 230 ಬಂತೆಂದು ಅರ್ತ್ ಪೂರ್ತಿ ಗಟ್ಟಿ ಎಂದೂ ಅಲ್ಲ. ಒಂದು ಎಳೆ ಹಿಡಿದುಕೊಂಡಿದ್ದರೂ ಮೀಟರ್ 230 ತೋರಿಸುತ್ತದೆ. ಖಚಿತ ಬೇಕಾದರೆ ಲೂಪ್ ಟೆಸ್ಟರ್ (ಅರ್ತ್ ದಾರಿಯ ರೆಸಿಸ್ಟೆನ್ಸ್ ಅಳೆಯುವ ಮೀಟರ್) ಇರುವವರನ್ನು ಕರೆಸಿ.

ಆರ್‌ಸಿಸಿಬಿಯಲ್ಲಿ ಟಿ ಎಂಬ ಸಣ್ಣ ಬಟನ್ ಇದೆ. ಒತ್ತಿ. ಕೂಡಲೇ ಬೀಳಬೇಕು. ಬಿದ್ದರೆ ಆರ್‌ಸಿಸಿಬಿ ಸರಿ. ಅರ್ತ್ ಸರಿ ಉಂಟು ಎಂದು ಅದು ಹೇಳುವುದಿಲ್ಲ, ಅದು ಬೇರೆ ಲೆಕ್ಕ. ಬೀಳದಿದ್ದರೆ ಲೈಟ್ ವಿಷಯ ಬಿಡಿ, ಮೊದಲು ಅದನ್ನು ಬದಲಿಸಿ.

ನಿಮ್ಮ ಮನೆಗೆ ಸುಲಭದ ದಾರಿ ಇದು. ಚಿಮಣಿ ಪ್ಲಗ್ ಪಕ್ಕದಲ್ಲಿ ಇನ್ನೊಂದು 6 ಆಂಪ್ಸ್ ಪ್ಲಗ್ ಮತ್ತು ಸ್ವಿಚ್ ಹಾಕಿಸಿ. ಡ್ರೈವರ್‌ಗೆ ಮೂರು ಪಿನ್ ಪ್ಲಗ್ ಟಾಪ್ ಹಾಕಿ ಅಲ್ಲಿಗೆ ಚುಚ್ಚಿ. ರಿಪೇರಿ ಬಂದರೆ ಪ್ಲಗ್ ತೆಗೆದರೆ ಮುಗಿಯಿತು, ಯಾವ ಎಂಸಿಬಿ ಎಂದು ಹುಡುಕುವುದು ಬೇಡ. ಆ ಲೈನ್ 16 ಅಥವಾ 20 ಆಂಪ್ಸ್ ಎಂಸಿಬಿಯಿಂದ ಬಂದಿದ್ದರೆ ಡ್ರೈವರ್‌ನ ಸಣ್ಣ ವೈರ್ ಸುಟ್ಟರೂ ಎಂಸಿಬಿ ಬೀಳದೇ ಇರಬಹುದು. ಆಗ ಆ ಹೊಸ ಪ್ಲಗ್‌ಗೆ ಒಂದು ಸಣ್ಣ ಫ್ಯೂಸ್ ಯೂನಿಟ್ ಕೂಡ ಅದೇ ಬೋರ್ಡ್‌ನಲ್ಲಿ ಹಾಕಿಸಿ. ಬೇರೆಯೇ ಲೈನ್ ಎಳೆಸುವುದಾದರೆ 1.5 ಚದರ ಮಿ.ಮೀ. ತಾಮ್ರದ ವೈರ್, 6 ಆಂಪ್ಸ್ ಎಂಸಿಬಿ.

ಮಿಕ್ಸಿ ಪ್ಲಗ್‌ನಿಂದ ಯಾಕೆ ಬೇಡ ಅಂದರೆ ಲೋಡ್ ಜಾಸ್ತಿ ಎಂದಲ್ಲ. 750 ವಾಟ್ ಮಿಕ್ಸಿ ಎಳೆಯುವುದೇ 3 ಆಂಪ್ಸ್ ಚಿಲ್ಲರೆ. ಸಮಸ್ಯೆ ಏನೆಂದರೆ ಆ ಪ್ಲಗ್ ಕೌಂಟರ್ ಮಟ್ಟದಲ್ಲಿ, ನೀರು ಸಿಡಿಯುವ ಕಡೆ ಇದೆ. ಅಲ್ಲಿಂದ ಮೇಲೆ ಹೋಗುವ ವೈರ್ ಟೈಲ್ಸ್ ಮೇಲೆಯೇ ಓಡಬೇಕು.

ಉರ್ವಾ ಬಂಗುಡೆ

ವೈರಿಂಗ್ ನೀವು ನೋಡಿಕೊಳ್ಳಿ, ನಾನು ಬಣ್ಣದ ಬಗ್ಗೆ ಹೇಳುತ್ತೇನೆ. 6500 ಕೆಲ್ವಿನ್‌ನ ನೀಲಿ ಬಿಳಿ ಹಾಕಬೇಡಿ. ಅದರಡಿಯಲ್ಲಿ ಬಂಗುಡೆಯ ಕಿವಿರು ತಾಜಾ ಕೆಂಪೋ ಹಳತು ಕಂದೋ ಗೊತ್ತಾಗುವುದಿಲ್ಲ. 4000 ಕೆಲ್ವಿನ್, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ) 90ರ ಮೇಲೆ ಕೇಳಿ ತೆಗೆದುಕೊಳ್ಳಿ. ಕುಚ್ಚಲಕ್ಕಿಯಲ್ಲಿ ಕಲ್ಲು ಹೆಕ್ಕುವವರಿಗೂ ಅದೇ ಒಳ್ಳೆಯದು.

ಸ್ಟ್ರಿಪ್ ಗೋಡೆಯ ಬದಿಗೆ ಬೇಡ, ಕ್ಯಾಬಿನೆಟ್‌ನ ಮುಂದಿನ ಅಂಚಿಗೆ ಹಾಕಿ. ಹಿಂದೆ ಹಾಕಿದರೆ ಟೈಲ್ಸ್ ಚಂದ ಕಾಣುತ್ತದೆ, ಮಣೆ ಕತ್ತಲೆಯಲ್ಲೇ ಇರುತ್ತದೆ. ಕರಿ ಗ್ರಾನೈಟ್ ಇದ್ದರೆ ಮುಚ್ಚಳ ಇಲ್ಲದ ಸ್ಟ್ರಿಪ್‌ನ ಒಂದೊಂದು ಚುಕ್ಕಿಯೂ ಅದರಲ್ಲಿ ಕಾಣುತ್ತದೆ.

ಬಿಜೈ ಮಹಡಿಮನೆ

ನಿನ್ನೆ ಎಲೆಕ್ಟ್ರಿಷಿಯನ್ ಬಂದಿದ್ದರು. ಸ್ಟ್ರಿಪ್, ಪ್ರೊಫೈಲ್, ಡ್ರೈವರ್ ಎಲ್ಲ ನೀವು ಹೇಳಿದ ಹಾಗೆಯೇ. ಆದರೆ ಕರೆಂಟ್ ಹೋದಾಗಲೂ ಲೈಟ್ ಬೇಕು ಎಂದು ನಾವು ಕೇಳಿದ್ದಕ್ಕೆ ಅವರು ಪ್ಲಗ್‌ನ ಫೇಸ್ ತೆಗೆಯದೆ, ಇನ್ವರ್ಟರ್ ಇರುವ ಟ್ಯೂಬ್‌ಲೈಟ್‌ನ ಸ್ವಿಚ್‌ಬೋರ್ಡ್‌ನಿಂದ ಫೇಸ್ ತಂದರು. ಈಗ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ ಟಪ್ ಎಂದು ಬೀಳುತ್ತದೆ. ಫ್ರಿಜ್ ಕೂಡ ಆಫ್. ಡ್ರೈವರ್ ಹಾಳು ಅಂದರು. ಬೇರೆ ಡ್ರೈವರ್ ಹಾಕಿದರೂ ಹಾಗೇ. ಈಗ "ನಿಮ್ಮ ಆರ್‌ಸಿಸಿಬಿಯೇ ವೀಕ್, ಬೈಪಾಸ್ ಮಾಡುವ" ಅನ್ನುತ್ತಿದ್ದಾರೆ.

ಸುರತ್ಕಲ್ ಸೋಲ್ಡರ್

ಬೈಪಾಸ್ ಮಾಡಲು ಬಿಡಬೇಡಿ! ನ್ಯೂಟ್ರಲ್ ಎಲ್ಲಿಂದ ತಂದರು?

ಬಿಜೈ ಮಹಡಿಮನೆ

ಕೇಳಿದೆ. ಸ್ವಿಚ್‌ಬೋರ್ಡ್‌ನಲ್ಲಿ ನ್ಯೂಟ್ರಲ್ ಸಿಗಲಿಲ್ಲವಂತೆ. ಚಿಮಣಿಯ ಪ್ಲಗ್‌ನಿಂದ ತೆಗೆದಿದ್ದಾರೆ.

ಕಟಪಾಡಿ ವಯರ್‌ಮ್ಯಾನ್

ಸಿಕ್ಕಿತು. ಡ್ರೈವರೂ ಸರಿ ಇದೆ, ಆರ್‌ಸಿಸಿಬಿಯೂ ಸರಿ ಇದೆ. ಅದು ಬೀಳಬೇಕಾದ್ದಕ್ಕೇ ಬೀಳುತ್ತಿದೆ.

ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ. ತನ್ನ ಮೂಲಕ ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಎಂದು ಲೆಕ್ಕ ನೋಡುವುದು. 30 ಮಿಲಿಆಂಪ್ಸ್ ವ್ಯತ್ಯಾಸ ಬಂದರೆ, ಯಾರಿಗೋ ಶಾಕ್ ಹೊಡೆಯುತ್ತಿದೆ ಎಂದು ತಿಳಿದು ಎಲ್ಲ ಕಟ್ ಮಾಡುತ್ತದೆ. ನಿಮ್ಮ ಡಿಬಿಯಲ್ಲಿ ಎಂಸಿಬಿಗಳು ಆರ್‌ಸಿಸಿಬಿಯ ಎರಡೂ ಬದಿಗೆ ಇವೆ ಅಂದಿರಲ್ಲ. ನನ್ನ ಅಂದಾಜಿನಲ್ಲಿ ಪ್ಲಗ್‌ಗಳು ಮಾತ್ರ ಆರ್‌ಸಿಸಿಬಿಯ ಮೂಲಕ ಹೋಗುತ್ತವೆ, ಲೈಟ್ ಮತ್ತು ಇನ್ವರ್ಟರ್ ಲೈನ್ ಅದರ ಹೊರಗಿದೆ. ಹಳೆಯ ಫ್ಲ್ಯಾಟ್‌ಗಳಲ್ಲಿ ಹೀಗೆ ಮಾಡುವುದು ಮಾಮೂಲು. ಈಗ ನಿಮ್ಮ ಹೊಸ ಲೈಟ್‌ಗೆ ಫೇಸ್ ಬರುವುದು ಹೊರಗಿನಿಂದ, ನ್ಯೂಟ್ರಲ್ ವಾಪಸ್ ಹೋಗುವುದು ಆರ್‌ಸಿಸಿಬಿಯ ಒಳಗಿನಿಂದ. ಹೋಗದೇ ಇದ್ದ ಕರೆಂಟ್ ಬರುತ್ತಿದೆ. 30 ವಾಟ್ ಲೈಟ್‌ಗೆ 230 ವೋಲ್ಟ್‌ನಲ್ಲಿ ಕಡಿಮೆ ಎಂದರೂ 130 ಮಿಲಿಆಂಪ್ಸ್. 30 ದಾಟಿ ಎಷ್ಟೋ ಮೇಲೆ ಹೋಯಿತು. ಬೀಳದೆ ಇನ್ನೇನು ಮಾಡುತ್ತದೆ?

ಬೈಪಾಸ್ ಮಾಡಿದರೆ ಲೈಟ್ ಉರಿಯುತ್ತದೆ, ನಿಜ. ಜೊತೆಗೆ ಗ್ರೈಂಡರ್, ಫ್ರಿಜ್, ವಾಷಿಂಗ್ ಮೆಷಿನ್ ಯಾವುದಕ್ಕೂ ರಕ್ಷಣೆ ಇಲ್ಲ. ಎಂಸಿಬಿ ನಿಮ್ಮನ್ನು ಶಾಕ್‌ನಿಂದ ಉಳಿಸುವುದಿಲ್ಲ. ಅದು ವೈರನ್ನು ಬೆಂಕಿಯಿಂದ ಉಳಿಸುತ್ತದೆ. ಮನುಷ್ಯನ ಮೈಯಲ್ಲಿ ಹರಿದರೆ ಜೀವ ಹೋಗುವಷ್ಟು ಕರೆಂಟ್ 6 ಆಂಪ್ಸ್ ಎಂಸಿಬಿಗೆ ಲೆಕ್ಕಕ್ಕೇ ಇಲ್ಲ.

ಇದರಲ್ಲಿ ಬಲೆ ಇನ್ನೊಂದುಂಟು. ಚಿಮಣಿ ರಿಪೇರಿಗೆಂದು ಪ್ಲಗ್‌ಗಳ ಎಂಸಿಬಿ ಇಳಿಸಿ ಯಾರೋ ಆ ನ್ಯೂಟ್ರಲ್ ವೈರ್ ಬಿಚ್ಚುತ್ತಾರೆ ಎಂದುಕೊಳ್ಳಿ. ಇನ್ವರ್ಟರ್ ಲೈಟ್ ಆನ್ ಇದ್ದರೆ ಬಿಚ್ಚಿದ ತುದಿಯಲ್ಲಿ ಕರೆಂಟ್ ಬರುತ್ತದೆ. ನ್ಯೂಟ್ರಲ್ ಅಲ್ವಾ ಎಂದು ಧೈರ್ಯದಿಂದ ಹಿಡಿದವನ ಕಥೆ ಮುಗಿಯಿತು.

ಪರಿಹಾರ: ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಲೈನ್‌ನಿಂದ. ಕರೆಂಟ್ ಹೋದಾಗ ಬೇಡ ಅಂದರೆ ಎರಡನ್ನೂ ಚಿಮಣಿ ಪ್ಲಗ್‌ನಿಂದ ತೆಗೆಯಿರಿ. ಇನ್ವರ್ಟರ್‌ನಲ್ಲಿ ಬೇಕೇ ಬೇಕು ಅಂದರೆ ಟ್ಯೂಬ್‌ಲೈಟ್ ಪಾಯಿಂಟ್‌ನ ತನಕ ಆ ಲೈನಿನ ನ್ಯೂಟ್ರಲ್ ಬಂದೇ ಬಂದಿರುತ್ತದೆ. ಸ್ವಿಚ್‌ಬೋರ್ಡ್‌ನಲ್ಲಿ ಇಲ್ಲದಿದ್ದರೆ ಲೈಟ್ ಹೋಲ್ಡರ್ ಹತ್ತಿರ ಉಂಟು. ಅಲ್ಲಿಂದ ಎಳೆಯಲು ಸ್ವಲ್ಪ ಕಷ್ಟ, ಅಷ್ಟೇ. ಆಮೇಲೆ ಆ ಲೈಟ್ ಲೈನ್‌ಗೂ ಒಂದು 30 ಮಿಲಿಆಂಪ್ಸ್ ಆರ್‌ಸಿಬಿಓ ಹಾಕಿಸಿ. ಅದರಲ್ಲಿ ಎಂಸಿಬಿ, ಆರ್‌ಸಿಸಿಬಿ ಎರಡೂ ಕೆಲಸ ಒಂದೇ ಪೆಟ್ಟಿಗೆಯಲ್ಲಿ ಆಗುತ್ತದೆ. ಆದರೆ ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಅದು ಲೆಕ್ಕ ನೋಡಬೇಕಾದರೆ ಇನ್ವರ್ಟರ್‌ನಿಂದ ಹೊರಗೆ ಬರುವ ಬದಿಯಲ್ಲಿ ಕೂರಬೇಕು.

ಇನ್ನೊಂದು ಮಾತು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವುದು ನಾವೇ ಮಾಡಬಹುದು. ಇದ್ದ ವೈರಿಂಗ್‌ಗೆ ಹೊಸತು ಸೇರಿಸುವುದು ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಲ್ಲೇ ಅದು ಉಂಟು. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಬೈಪಾಸ್ ಎಂಬ ಮಾತು ಬಾಯಿಂದ ಬಂದವರನ್ನು ನಾನಾದರೆ ಮತ್ತೆ ಮನೆಗೆ ಸೇರಿಸುವುದಿಲ್ಲ.

ಕುಲಶೇಖರ ಕಟ್ಟೆ

ಇಷ್ಟೆಲ್ಲ ರಗಳೆಗಿಂತ ಚಾರ್ಜ್ ಮಾಡುವ ಮ್ಯಾಗ್ನೆಟ್ ಲೈಟ್ ಅಂಟಿಸಿದರೆ ಮುಗಿಯಲಿಲ್ವಾ? ಯುಎಸ್‌ಬಿಯಲ್ಲಿ ಚಾರ್ಜ್ ಮಾಡುವುದು, ಕೈ ಬೀಸಿದರೆ ಉರಿಯುತ್ತದೆ.

ಕಟಪಾಡಿ ವಯರ್‌ಮ್ಯಾನ್

ಇದನ್ನು ಒಪ್ಪುತ್ತೇನೆ. ಬಾಡಿಗೆ ಮನೆಯವರಿಗೆ, ಒಂದು ಮೂಲೆಗೆ ಮಾತ್ರ ಬೆಳಕು ಬೇಕಾದವರಿಗೆ ಅದೇ ಸರಿ. ಒಲೆಯ ಹತ್ತಿರ ಮಾತ್ರ ಬೇಡ, ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ.

ಕಾರ್ಕಳ ಹಂಚಿನಮನೆ

ನಮ್ಮದು ಮುರಕಲ್ಲಿನ ಹಳೆಯ ಹಂಚಿನ ಮನೆ. ಮರದ ಪಟ್ಟಿಯ ವೈರಿಂಗ್, ಎರಡು ಪಿನ್ ಪ್ಲಗ್, ಆರ್‌ಸಿಸಿಬಿ ಇಲ್ಲ, ಫ್ಯೂಸ್ ಮಾತ್ರ. ಗೆದ್ದಲಿಗೆ ಹೆದರಿ ಅಡುಗೆಮನೆಗೆ ಅಲ್ಯುಮಿನಿಯಂ ಕ್ಯಾಬಿನೆಟ್ ಮಾಡಿಸಿದ್ದೇವೆ. ನಮಗೂ ಹೀಗೆ ಲೈಟ್ ಹಾಕಬಹುದಾ?

ಕಟಪಾಡಿ ವಯರ್‌ಮ್ಯಾನ್

ಸದ್ಯಕ್ಕೆ ಕುಲಶೇಖರದವರು ಹೇಳಿದ ಚಾರ್ಜಿನ ಲೈಟ್ ಹಾಕಿಕೊಳ್ಳಿ. ಅರ್ತ್ ಇಲ್ಲದ ಮನೆಯಲ್ಲಿ ಅಲ್ಯುಮಿನಿಯಂ ಕ್ಯಾಬಿನೆಟ್ ಒಳಗೆ 230 ವೈರ್ ಓಡಿಸಿದರೆ, ಒಂದು ಕಡೆ ವೈರ್ ಉಜ್ಜಿ ಸಿಪ್ಪೆ ಹೋದರೂ ಕ್ಯಾಬಿನೆಟ್ ಪೂರ್ತಿ ಶಾಕ್. ಅಲ್ಯುಮಿನಿಯಂಗೆ ತೂತು ಕೊರೆದರೆ ಅಂಚು ಬ್ಲೇಡಿನಂತೆ ಇರುತ್ತದೆ, ರಬ್ಬರ್ ಗ್ರಾಮೆಟ್ ಹಾಕದೆ ವೈರ್ ದಾಟಿಸಲೇಬಾರದು. 230 ಒಳಗೆ ಬಂದರೆ ಕ್ಯಾಬಿನೆಟ್ ಬಾಡಿಗೇ ಅರ್ತ್ ಕೊಡಬೇಕು. 24 ವೋಲ್ಟ್ ಮಾತ್ರ ಬರುವುದಾದರೆ ಬಾಡಿಗೆ, ಪ್ರೊಫೈಲ್‌ಗೆ ಅರ್ತ್ ಬೇಡ.

ಅಡುಗೆಮನೆಗೆ ಮಾತ್ರ ಹೊಸ ಲೈನ್ ಹಾಕಿಸಿದರೂ ಸಾಕು, ಮನೆಯಿಡೀ ಒಮ್ಮೆಗೇ ಬೇಕೆಂದಿಲ್ಲ. ಒಂದು ಸಣ್ಣ ಡಿಬಿ, ಆರ್‌ಸಿಸಿಬಿ, ಹೊಸ ಅರ್ತ್ ಪಿಟ್. ನಿಮ್ಮ ಕಡೆಯ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಅಳೆದು ಒಳ್ಳೆಯ ಅರ್ತ್ ಅಂದುಕೊಂಡರೆ ಏಪ್ರಿಲ್‌ನಲ್ಲಿ ಮೋಸ ಹೋಗುತ್ತೀರಿ. ಬೇಸಿಗೆಯಲ್ಲೇ ಅಳೆಸಿ. ಪಿಟ್‌ಗೆ ನೀರು ಹಾಕಲು ಬಾಯಿ ಬಿಟ್ಟಿರಲಿ. ಬಾವಿಕಟ್ಟೆಯ ನೀರು ಹೋಗುವ ಕಡೆ, ತೆಂಗಿನ ಬುಡದ ತಂಪು ಜಾಗ ಹುಡುಕಿ.

ಸುರತ್ಕಲ್ ಸೋಲ್ಡರ್

ಸಿಡಿಲಿನ ವಿಷಯ ಕೂಡ. ನಮ್ಮಲ್ಲಿ ಸಿಡಿಲು ಜಾಸ್ತಿ ಇರುವುದು ಜುಲೈ ಮಳೆಗಲ್ಲ, ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗೆ, ಮತ್ತೆ ಅಕ್ಟೋಬರ್‌ನಲ್ಲಿ. ಸಣ್ಣ ಡ್ರೈವರ್‌ಗಳು ಮೊದಲು ಹೋಗುವುದು ಆಗಲೇ. ಡಿಬಿಯಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಷನ್ (ಲೈನಿನಲ್ಲಿ ದಿಢೀರ್ ಏರುವ ವೋಲ್ಟೇಜನ್ನು ಅರ್ತ್‌ಗೆ ಬಿಡುವ ಸಾಧನ) ಹಾಕಿಸಿದರೆ ಒಳ್ಳೆಯದು. ಅರ್ತ್ ಸರಿ ಇಲ್ಲದಿದ್ದರೆ ಅದು ದಂಡ. ಪ್ಲಗ್‌ನ ಡ್ರೈವರ್ ಆದರೆ ಗುಡುಗು ಶುರುವಾಗುವ ಮೊದಲೇ ಕಿತ್ತಿಡಬಹುದು, ಖರ್ಚಿಲ್ಲ.

ಅಂಬಲಪಾಡಿ ಅಂಗಳ

ನಡುವೆ ಬಂದೆ, ಕ್ಷಮಿಸಿ. ನಮ್ಮಲ್ಲಿ 12 ವೋಲ್ಟ್ ಸ್ಟ್ರಿಪ್ ಈಗಾಗಲೇ ಉಂಟು. ಸ್ವಿಚ್ ಆಫ್ ಮಾಡಿದ ಮೇಲೂ ರಾತ್ರಿ ಮಿಣಿಮಿಣಿ ಉರಿಯುತ್ತಿರುತ್ತದೆ. ಡಿಮ್ ಮಾಡಲು ಹಳೆಯ ಫ್ಯಾನ್ ರೆಗ್ಯುಲೇಟರ್ ಹಾಕಿದ್ದಾರೆ, ಅದರಿಂದಲಾ?

ಸುರತ್ಕಲ್ ಸೋಲ್ಡರ್

ರೆಗ್ಯುಲೇಟರನ್ನು ಇವತ್ತೇ ತೆಗೆಸಿ. ಸಾದಾ ಡ್ರೈವರ್‌ನ ಮುಂದೆ ಅದನ್ನು ಹಾಕಿದರೆ ಡ್ರೈವರ್ ಬಿಸಿಯಾಗಿ ಹಾಳಾಗುತ್ತದೆ. ಡಿಮ್ ಬೇಕಾದರೆ ಡ್ರೈವರ್ ಆದ ಮೇಲೆ, 12 ವೋಲ್ಟ್ ಬದಿಯಲ್ಲಿ ಪಿಡಬ್ಲ್ಯೂಎಂ ಡಿಮ್ಮರ್ (ಲೈಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡಿ ಮಂಕು ಮಾಡುವುದು) ಹಾಕಬೇಕು.

ಮಿಣಿಮಿಣಿಗೆ ಕಾರಣ ಬಹುಶಃ ಎರಡರಲ್ಲಿ ಒಂದು. ಸ್ವಿಚ್‌ನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಒಂದಿಷ್ಟು ಕರೆಂಟ್ ಸೋರುತ್ತಿರಬಹುದು. ಅದು ಕಿರಿಕಿರಿ ಮಾತ್ರ, ಅಪಾಯ ಇಲ್ಲ. ಇಲ್ಲವೇ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಟ್ ಮಾಡುತ್ತಿದೆ. ಅದು ಅಪಾಯ. ಆಫ್ ಮಾಡಿದರೂ ಡ್ರೈವರ್‌ನ ತನಕ ಫೇಸ್ ಬಂದು ನಿಂತಿರುತ್ತದೆ. ಎಲೆಕ್ಟ್ರಿಷಿಯನ್‌ಗೆ ಸ್ವಿಚ್ ಆಫ್ ಇಟ್ಟು ಡ್ರೈವರ್‌ನ ಎರಡೂ ಟರ್ಮಿನಲ್ ಟೆಸ್ಟರ್‌ನಲ್ಲಿ ನೋಡಲು ಹೇಳಿ.

ಬಿಜೈ ಮಹಡಿಮನೆ

ಬೇರೆಯವರನ್ನು ಕರೆಸಿದೆ. ಪ್ಲಗ್‌ಗಳು ಮಾತ್ರ ಆರ್‌ಸಿಸಿಬಿಯಲ್ಲಿದ್ದದ್ದು ನಿಜ. ನಾವು ಇನ್ವರ್ಟರ್ ಆಸೆ ಬಿಟ್ಟು ಎರಡೂ ವೈರ್ ಚಿಮಣಿ ಲೈನ್‌ನಿಂದಲೇ ತೆಗೆಸಿದೆವು, ಫ್ಯೂಸ್ ಇರುವ ಹೊಸ ಪ್ಲಗ್. ಈಗ ಬೀಳುವುದಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ಡ್ರೈವರ್ ಕಾಣದ ಹಾಗೆ ಕ್ಯಾಬಿನೆಟ್‌ನ ಮೇಲ್ಭಾಗಕ್ಕೆ ಪ್ಲೈ ಹೊಡೆದು ಮುಚ್ಚಿಬಿಡಲಾ ಎಂದು ಬಡಗಿ ಕೇಳುತ್ತಿದ್ದಾರೆ.

ಮಲ್ಪೆ ಉಪ್ಪುಗಾಳಿ

ಮುಚ್ಚಬೇಡಿ. ಡ್ರೈವರ್ ಒಳಗಿನ ಕೆಪಾಸಿಟರ್‌ಗೆ ಬಿಸಿಯೇ ಶತ್ರು. 10 ಡಿಗ್ರಿ ಬಿಸಿ ಏರಿದರೆ ಅದರ ಆಯುಷ್ಯ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಅಡುಗೆಮನೆಯ ಬಿಸಿ ಗಾಳಿ ಎಲ್ಲ ಮೇಲೆಯೇ ಹೋಗಿ ನಿಲ್ಲುವುದು. ಕಾಣಬಾರದು ಅಂದರೆ ತೆರೆಯುವ ಬಾಗಿಲು ಮಾಡಿಸಿ, ಎರಡೂ ತುದಿಯಲ್ಲಿ ಜಾಲರಿ ಇರಲಿ. ಚಿಮಣಿಯ ಕೊಳವೆಗೆ ತಾಗಿಸಿ ಇಡಬೇಡಿ.

ಕಟಪಾಡಿ ವಯರ್‌ಮ್ಯಾನ್

ಹೌದು. ಜೊತೆಗೆ ಗ್ಯಾಸ್ ವಾಸನೆ ಬಂದರೆ ಈ ಸ್ವಿಚ್ ಸೇರಿ ಯಾವುದನ್ನೂ ಆನ್ ಆಫ್ ಮಾಡಬಾರದೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್. ಕೈ ಬೀಸುವ ಸೆನ್ಸರ್ ಹಾಕಿದ್ದರೆ ಒಲೆಯಿಂದ ದೂರ ಇರಲಿ, ಕುಕ್ಕರ್ ಹಬೆಗೂ ಅದು ಉರಿಯುತ್ತದೆ. ಡಿಬಿಯಲ್ಲಿ ಎಂಸಿಬಿಗಳ ಹೆಸರು ಬರೆಸಿದಿರಾ? ಬರೆಸದಿದ್ದರೆ ಒಂದೊಂದೇ ಇಳಿಸಿ ನೋಡಿ ನೀವೇ ಬರೆಯಬಹುದು.

ಅಂಬಲಪಾಡಿಯವರೇ, ನಿಮ್ಮದು ಏನಾಯಿತು?

ಅಂಬಲಪಾಡಿ ಅಂಗಳ

ನೋಡಿಸಿದೆವು. ನ್ಯೂಟ್ರಲ್ಲೇ ಕಟ್ ಆಗುತ್ತಿತ್ತು. ಅಡುಗೆಮನೆ ಮಾತ್ರ ಅಲ್ಲ, ಅದೇ ಬೋರ್ಡ್‌ನ ಎಕ್ಸಾಸ್ಟ್ ಫ್ಯಾನಿಗೂ ಹಾಗೇ ಇತ್ತು. ನಾಳೆ ಎಲ್ಲ ಬೋರ್ಡ್ ಬಿಚ್ಚಿಸಿ ನೋಡಿಸುತ್ತಿದ್ದೇವೆ. ಫ್ಯಾನ್ ರೆಗ್ಯುಲೇಟರ್ ತೆಗೆಸಿದ್ದು ಆಯಿತು.